ಮಣ್ಣಾದ ಮೈಸೂರು ಪಾಕ್

"ನಾಲಿಗೆ ಚಾಚಿ," ಎನ್ನುತ್ತಿದ್ದರು ಚಂದ್ರಚೂಡಯ್ಯ. ಚೆನ್ನಾಗಿದ್ದೀರಾ, ಕಾಫಿ ಆಯಿತಾ ಎಂಬ ಮಾತೆಲ್ಲ ಆಮೇಲೆ. ಮೊದಲು ನಾಲಿಗೆ.

ಚಾಚಿದ ನಾಲಿಗೆಯ ಮೇಲೆ ಅವರು ಜೇಬಿನಿಂದ ತೆಗೆದ ಒಂದು ಸಣ್ಣ ಹಸಿರೆಲೆಯನ್ನು ಇಡುತ್ತಿದ್ದರು. "ಅಗೀರಿ. ನುಂಗ್ಬೇಡಿ. ನಾಲಿಗೆ ಮೇಲೆಲ್ಲ ಓಡಾಡ್ಸಿ. ಹೂಂ, ಈಗ ಬಾಯಿ ಮುಕ್ಕಳಿಸಿ." ಅಷ್ಟಾದ ಮೇಲೆ ಕೈಚೀಲದಿಂದ ಡಬ್ಬಿ ಹೊರಗೆ ಬರುತ್ತಿತ್ತು. ಡಬ್ಬಿಯಲ್ಲಿ ಮೈಸೂರು ಪಾಕ್. ತುಪ್ಪ ಒಸರುವ ಒಂದು ತುಂಡನ್ನು ನಿಮ್ಮ ಅಂಗೈಗೆ ಹಾಕಿ, ಕನ್ನಡಕವನ್ನು ಹಣೆಗೇರಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ನಿಮ್ಮ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ನೀವು ಬಾಯಿಗೆ ಹಾಕಿಕೊಳ್ಳುತ್ತೀರಿ. ಹಲ್ಲಿಗೆ ಮರಳು ಸಿಕ್ಕ ಹಾಗೆ ಪುಡಿಯಾಗುತ್ತದೆ. ತುಪ್ಪದ ಜಿಡ್ಡು ಇದೆ, ಕಡಲೆಹಿಟ್ಟಿನ ವಾಸನೆ ಇದೆ, ಸಿಹಿ ಮಾತ್ರ ಇಲ್ಲ. ಎಲ್ಲಿಯೂ ಇಲ್ಲ. ನಿಮ್ಮ ಮುಖ ಜೋಲುತ್ತದೆ.

"ಏನನ್ಸತ್ತೆ?"

"ಮಣ್ಣು ತಿಂದ ಹಾಗಿದೆ."

ಆ ಮಾತು ಬಿದ್ದ ಕ್ಷಣ ಚಂದ್ರಚೂಡಯ್ಯನವರ ಮುಖ ಅರಳುತ್ತಿತ್ತಲ್ಲ, ಅದನ್ನು ನಾನು ಮರೆತಿಲ್ಲ. ಕಾಯಿಲೆಯವರ ಮೇಲಿನ ಕರುಣೆಯಾಗಲೀ ಗಿಡಮೂಲಿಕೆಯ ಮೇಲಿನ ಭಕ್ತಿಯಾಗಲೀ ಅಲ್ಲಿ ಇರಲಿಲ್ಲ. ಎದುರಿನವರ ಬಾಯಿಯ ಸಿಹಿಯನ್ನು ಕಿತ್ತುಕೊಂಡ ಖುಷಿ ಅದು. ನಿಮ್ಮ ಕೈಯಲ್ಲಿ ಉಳಿದ ಅರ್ಧ ತುಂಡನ್ನು "ಅಯ್ಯೋ, ವೇಸ್ಟ್ ಯಾಕೆ" ಎಂದು ತಾವೇ ಇಸಿದುಕೊಂಡು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಚಪ್ಪರಿಸುತ್ತಿದ್ದರು. ಅವರಿಗೆ ಅದು ಸಿಹಿಯಾಗಿಯೇ ಇರುತ್ತಿತ್ತು.

ಅವರ ಬಗ್ಗೆ ಬರೆಯಲು ನಾನು ತಕ್ಕವಳಲ್ಲ. ತಾತ್ಸಾರಕ್ಕೆ ನೆನಪನ್ನು ತಿದ್ದುವ ಚಾಳಿಯಿದೆ. ಉದಾಹರಣೆಗೆ ಆ ಡಬ್ಬಿ ಕೆಂಪು ಬಣ್ಣದ್ದು ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಅಮ್ಮ ಅದು ಸ್ಟೀಲ್ ಡಬ್ಬಿ ಎನ್ನುತ್ತಾಳೆ. ಕೆಂಪು ಎಂದು ನನಗೆ ಅನ್ನಿಸುವುದು ಬಹುಶಃ ನನ್ನ ಸಿಟ್ಟಿನಿಂದ ಇರಬಹುದು. ದಿನಾ ರಾತ್ರಿ ನಾಲ್ಕು ಸಾಲು ಬರೆದಿಡುವ ಅಭ್ಯಾಸವಿರುವ ನನಗೇ ಹೀಗಾದರೆ ಉಳಿದವರ ಪಾಡೇನು? ಇನ್ನೊಂದು ಮಾತು. ಉದ್ದಕ್ಕೂ ನಾನು ಅವರನ್ನು "ಅವರು" ಎಂದೇ ಬರೆಯುತ್ತೇನೆ. ಬಹುವಚನ ನಮ್ಮ ಮೈಸೂರಿನವರ ನಾಲಿಗೆಯ ಅಭ್ಯಾಸ. ಅದನ್ನು ಗೌರವ ಎಂದು ಓದಿಕೊಳ್ಳಬೇಡಿ.

ನಮ್ಮ ಮನೆ ಅಗ್ರಹಾರದಲ್ಲಿ. ಅವರ ಮನೆ ಹಿಂದಿನ ಬೀದಿಯಲ್ಲಿ. ಕೆಲಸದಲ್ಲಿದ್ದಾಗ ಅವರು ಮೆಡಿಕಲ್ ರೆಪ್. ಮಾತ್ರೆಯ ಕಂಪನಿಯೊಂದರ ಪರವಾಗಿ ಟೈ ಕಟ್ಟಿ, ಚರ್ಮದ ಚೀಲ ಹಿಡಿದು, ಡಾಕ್ಟರುಗಳ ಕೋಣೆಯ ಹೊರಗೆ ರೋಗಿಗಳೆಲ್ಲ ಮುಗಿಯುವವರೆಗೆ ಕಾದು, ಒಳಗೆ ಕರೆದಾಗ ಉಸಿರು ಬಿಡದೆ ಮಾತ್ರೆಯ ಗುಣಗಾನ ಮಾಡಿ ಬರುವ ಕೆಲಸ. ನಿವೃತ್ತರಾದ ಮೇಲೆ ಟೈ ಹೋಯಿತು. ಚೀಲ ಉಳಿಯಿತು, ಧಾಟಿಯೂ ಉಳಿಯಿತು. ಚೀಲದಲ್ಲಿ ಮಾತ್ರೆಯ ಬದಲು ಎಲೆ ಬಂತು. ಅಷ್ಟು ವರ್ಷ ಹೊಗಳಿದ ಮಾತ್ರೆಗಳನ್ನು ಅದೇ ಉಸಿರಿನಲ್ಲಿ ಬೈಯತೊಡಗಿದರು. "ಎಲ್ಲಾ ಕೆಮಿಕಲ್ ಕಣ್ರೀ, ಕೆಮಿಕಲ್!" ಎಂದು ಹೇಳಿ, ಮರುಕ್ಷಣವೇ ಎಲೆಯಲ್ಲಿರುವ ಕೆಮಿಕಲ್ಲಿನ ಹೆಸರು ಹೇಳುತ್ತಿದ್ದರು. ಈ ವಿರೋಧಾಭಾಸ ಅವರಿಗೆ ಒಮ್ಮೆಯೂ ಕಂಡಿರಲಿಲ್ಲ.

ಪ್ರತಿ ಗಿಡಕ್ಕೂ ಅವರ ಬಳಿ ಮೂರು ಮಾತಿನ ಪರಿಚಯವಿತ್ತು. ಹೆಸರು, ಸಾರ, ಉಪಯೋಗ. "ತುಳಸಿ. ಯೂಜಿನಾಲ್. ಕೆಮ್ಮು." "ನೆಲನೆಲ್ಲಿ. ಫಿಲಾಂಥಿನ್. ಕಾಮಾಲೆ." "ಅರಿಶಿನ. ಕರ್ಕ್ಯುಮಿನ್. ಸಕಲವೂ." ಹೀಗೆ, ವಿಸಿಟಿಂಗ್ ಕಾರ್ಡ್ ಮುಂದಿಟ್ಟ ಹಾಗೆ. ಹೇಳಿದ್ದು ಸುಳ್ಳಲ್ಲ. ಆ ಗಿಡಗಳಲ್ಲಿ ಆ ವಸ್ತುಗಳು ಇರುವುದು ನಿಜ. ನಾನು ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ಓದಿದವಳು. ಹೂಟಗಳ್ಳಿಯಲ್ಲಿ ಗಿಡಮೂಲಿಕೆಗಳ ಸಾರ ತೆಗೆಯುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ಚೀಲಗಟ್ಟಲೆ ಎಲೆ ಬರುತ್ತದೆ. ಅದು ಹೇಳಿದ ಗಿಡದ್ದೇ ಹೌದೇ, ಅದರಲ್ಲಿ ಸಾರ ಎಷ್ಟಿದೆ, ಮಣ್ಣೆಷ್ಟು, ಬೂಷ್ಟೆಷ್ಟು ಎಂದು ಅಳೆಯುವುದು ನನ್ನ ದುಡಿಮೆ. ಒಂದೇ ಬಳ್ಳಿಯ ಎಲೆ ಒಂದು ತಿಂಗಳು ಒಂದು ಥರ ಇರುತ್ತದೆ, ಇನ್ನೊಂದು ತಿಂಗಳು ಇನ್ನೊಂದು ಥರ. ಆದ್ದರಿಂದ ಚಂದ್ರಚೂಡಯ್ಯನವರ ಬಾಯಲ್ಲಿ ಎಂದೂ ಬಾರದ ಒಂದು ಪದ ನನಗೆ ಮೊದಲ ದಿನವೇ ಗೊತ್ತಾಯಿತು. ಆ ಪದ "ಎಷ್ಟು".

ನನ್ನನ್ನು ಅವರು ಹೆಸರು ಹಿಡಿದು ಕರೆದವರಲ್ಲ. "ಏನಮ್ಮಾ ಎಂಎಸ್ಸಿ" ಎನ್ನುತ್ತಿದ್ದರು. ಆ ಪದವಿಯಲ್ಲಿ ಯಾವುದೋ ಚರ್ಮರೋಗ ಇದ್ದ ಹಾಗೆ.

ಅಮ್ಮನಿಗೆ ಅವರ ಬಗ್ಗೆ ಇಂಥ ತಕರಾರೇನೂ ಇರಲಿಲ್ಲ. ನಾನು ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹಿಡಿದು ಹೋದರೆ ಬರುವುದು ಸಂಜೆ ದೀಪ ಹಚ್ಚಿದ ಮೇಲೆ. ಅಪ್ಪ ಹೋಗಿ ವರ್ಷಗಳಾಗಿದ್ದವು. ಮನೆಗೆ ಬಂದು ಕೂತು ಮಾತಾಡುವವರು ಎಂದರೆ ಇವರೇ. ಅವರು ತಂದ ಔಷಧವನ್ನೆಲ್ಲ ಅಮ್ಮ ಅಡುಗೆ ಮಾಡಿಬಿಡುತ್ತಿದ್ದಳು. ದೊಡ್ಡಪತ್ರೆ ತಂಬುಳಿಯಾಯಿತು. ಒಂದೆಲಗ ಚಟ್ನಿಯಾಯಿತು. ಅವರು "ಸರೋಜಮ್ಮನೋರೇ, ಇದರ ಸಾರ ನೆನಪಿನ ಶಕ್ತಿಗೆ" ಎಂದರೆ ಅಮ್ಮ "ನೀವು ಸಾರ ಅಂತೀರಿ ರಾಯ್ರೇ, ನಾನು ಸಾರು ಮಾಡ್ತೀನಿ, ಅಷ್ಟೇ ವ್ಯತ್ಯಾಸ" ಎಂದು ನಗುತ್ತಿದ್ದಳು. ಅಲ್ಲಿಯವರೆಗೆ ತೊಂದರೆಯಿರಲಿಲ್ಲ. ಎಷ್ಟು ಎಂಬುದು ಗೊತ್ತಿಲ್ಲದವರು ಅಡುಗೆಮನೆಯ ಅಳತೆಯೊಳಗೆ ಇದ್ದರೆ ಅಪಾಯ ಕಡಿಮೆ.

ಸೊಪ್ಪು ಮಾರುವ ದೇವೀರಮ್ಮನೂ ಒಂದು ದಿನ ನಮ್ಮ ಜಗಲಿಯ ಮೇಲೆ ಅವರ ನಾಲಿಗೆಪರೀಕ್ಷೆಗೆ ಸಿಕ್ಕಿಬಿದ್ದಳು. ಎಲೆ ಅಗಿದಾದ ಮೇಲೆ ಅಮ್ಮ ಕೊಟ್ಟ ಕಾಫಿ ಕುಡಿದು, "ಅಯ್ಯೋ ನಿಮ್ಮನೆ ಕಾಯ್ವಾಗ! ಸಕ್ರೆ ಆಕ್ದೆ ಕೊಟ್ರಲ್ಲವ್ವಾ" ಎಂದು ಅಮ್ಮನ ಮೇಲೆ ಹರಿಹಾಯ್ದಳು. ವಿಷಯ ತಿಳಿದ ಮೇಲೆ ಕೋಪ ಚಂದ್ರಚೂಡಯ್ಯನವರ ಕಡೆ ತಿರುಗಿತು.

"ಏನ್ ಸ್ವಾಮಿ ನೀವು, ಬೆಳಗಿಂದ ಬಿಸ್ಲಲ್ಲಿ ಅಲ್ದು ಬಂದು ಒಂದ್ ಲೋಟ ಕಾಪಿ ಕುಡೀವಾ ಅಂದ್ರೆ ಅದ್ರ ರುಚೀನೂ ಕಳ್ದ್ಬುಟ್ರಲ್ಲ! ಎಂಗೆ ವಾಪಸ್ ಬತ್ತದೆ ಈಗ?"

"ನಿಂಗೆ ಸಕ್ಕರೆ ಕಾಯಿಲೆ ಬರ್ದಿರ್ಲಿ ಅಂತ ಕಣಮ್ಮ."

"ಬುಡಿ ಸ್ವಾಮಿ. ಬರೋ ಕಾಯ್ಲೆ ಬರ್ಲಿ, ಬಂದಿರೋ ಕಾಪಿ ಓಯ್ತಲ್ಲ!"

ಇದನ್ನು ಅವರು ಬೀದಿಯೆಲ್ಲ ಹೇಳಿಕೊಂಡು ತಿರುಗಿದರು, ತಮ್ಮ ಗೆಲುವೆಂಬಂತೆ. ನಗುವವರು ನಕ್ಕರು. ನಾನೂ ನಕ್ಕಿರಬೇಕು.

ಆ ಎಲೆ ಮಧುನಾಶಿನಿ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಬಾಗಿಲುಗಳಿಗೆ ಹೋಗಿ ಅಡ್ಡ ಕೂರುತ್ತವೆ. ಸಕ್ಕರೆ ಬಂದು ಬಾಗಿಲು ತಟ್ಟುತ್ತದೆ, ಯಾರೂ ತೆರೆಯುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಮ್ಲ ತೊಳೆದುಹೋಗಿ ರುಚಿ ವಾಪಸ್ಸು ಬರುತ್ತದೆ. ಬಾಗಿಲು ಮುಚ್ಚಿದ್ದು ನಾಲಿಗೆಯದು ಮಾತ್ರ. ಸಕ್ಕರೆ ತನ್ನ ಪಾಡಿಗೆ ಗಂಟಲಿಳಿದು, ಹೊಟ್ಟೆ ದಾಟಿ, ರಕ್ತಕ್ಕೆ ಸೇರುತ್ತದೆ. ರಕ್ತದ ಸಕ್ಕರೆಯ ಮೇಲೂ ಈ ಎಲೆ ಕೊಂಚ ಕೆಲಸ ಮಾಡುತ್ತದೆ ಎನ್ನುವವರಿದ್ದಾರೆ. ಇರಬಹುದು. ಹಾಗೆಂದೇ ನಮ್ಮ ಕಾರ್ಖಾನೆ ಅದರ ಸಾರ ತೆಗೆದು ಮಾರುತ್ತದೆ. ಆದರೆ ಇನ್ಸುಲಿನ್ ಬೇಕಾದವರಿಗೆ ಇನ್ಸುಲಿನ್ನೇ ಬೇಕು.

ಅಮ್ಮನಿಗೆ ಬೇಕಾಗಿತ್ತು. ಬೆಳಿಗ್ಗೆ ಒಂದು, ರಾತ್ರಿ ಊಟಕ್ಕೆ ಮೊದಲು ಒಂದು. ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಕಣ್ಣಿನ ಹಿಂಭಾಗದ ರಕ್ತನಾಳಗಳು ಸೋತಿವೆ, ಎಡಗಣ್ಣಿನಲ್ಲಿ ಹೆಚ್ಚು, ಸಕ್ಕರೆ ಹಿಡಿತದಲ್ಲಿದ್ದರೆ ಉಳಿಸಿಕೊಳ್ಳಬಹುದು, ಇಲ್ಲದಿದ್ದರೆ ಇಲ್ಲ. ಅಮ್ಮನಿಗೆ ಕಣ್ಣು ಎಂದರೆ ಬೆಳಗಿನ ರಂಗೋಲಿ ಮತ್ತು ಆಮೇಲಿನ ಪತ್ರಿಕೆ. ಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯ ಪುಟದವರೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು, ಯಾರು ಇರಲಿ ಬಿಡಲಿ.

ಯುಗಾದಿಯ ಮಾರನೆಯ ದಿನ ಅವಳ ಸಕ್ಕರೆ ನೋಡಿದೆ. ಮೀಟರಿನ ಅಂಕಿ ಎಷ್ಟು ಏರಿತ್ತೆಂದರೆ, ನಂಬದೆ ಇನ್ನೊಮ್ಮೆ ಚುಚ್ಚಿ ನೋಡಿದೆ.

"ಏನು ತಿಂದೆ ಅಮ್ಮಾ?"

"ಪಾಯಸ. ಎರಡು ಸೌಟು."

"ಎರಡು ಸೌಟಾ!"

"ಸಿಹೀನೇ ಇರ್ಲಿಲ್ಲ ಕಣೇ. ರಾಯರು ಕೊಟ್ಟ ಎಲೆ ಅಗಿದೇ ತಿಂದಿದ್ದು. ಸಿಹೀನೇ ಇಲ್ದ ಮೇಲೆ ಸಕ್ಕರೆ ಎಲ್ಲಿಂದ ಬರುತ್ತೆ?"

ನಮ್ಮ ಭಾಷೆಯಲ್ಲಿ ಡಬ್ಬಿಯೊಳಗಿರುವುದೂ ಸಕ್ಕರೆ, ರಕ್ತದೊಳಗಿರುವುದೂ ಸಕ್ಕರೆ, ಬರುವ ಕಾಯಿಲೆಯೂ ಸಕ್ಕರೆ. "ಅವರಿಗೆ ಸಕ್ಕರೆ ಇದೆ" ಎಂದರೆ ಸಾಕು. ಈ ಒಂದು ಪದದ ಸಂದಿಯಲ್ಲಿ ಚಂದ್ರಚೂಡಯ್ಯ ನುಸುಳಿದ್ದರು. ವಿಚಾರಿಸುತ್ತ ಹೋದರೆ ಪಾಯಸಕ್ಕಿಂತ ದೊಡ್ಡ ಸಂಗತಿ ಹೊರಬಿತ್ತು. ಅಮ್ಮ ಸೂಜಿಯನ್ನೂ ಬಿಟ್ಟಿದ್ದಳು. "ನಾಲಿಗೆಗೇ ಬೀಗ ಬಿದ್ದ ಮೇಲೆ ಸಕ್ಕರೆ ಒಳಗೆ ಹೋಗೋ ದಾರಿ ಎಲ್ಲಿದೆ ಸರೋಜಮ್ಮನೋರೇ? ಚುಚ್ಚಿಕೊಳ್ಳೋದು ಯಾವ ಕರ್ಮಕ್ಕೆ?" ಎಂದಿದ್ದರಂತೆ. ಅದೃಷ್ಟಕ್ಕೆ, ಮುಂದಿನ ಹೆಜ್ಜೆಯಾಗಿ ನಿತ್ಯಪುಷ್ಪದ ಹೂ ತಿನ್ನಲು ಹೇಳಿದ್ದನ್ನು ಅಮ್ಮ ಇನ್ನೂ ಶುರು ಮಾಡಿರಲಿಲ್ಲ. ಆ ಗಿಡದ ಸಾರ ಕ್ಯಾನ್ಸರಿಗೆ ಔಷಧಿ. ಅಳೆದು, ರಕ್ತನಾಳಕ್ಕೆ, ಆಸ್ಪತ್ರೆಯಲ್ಲಿ ಕೊಡುವಂಥದ್ದು. ಅಳತೆ ತಪ್ಪಿದರೆ ನರಗಳನ್ನೇ ತಿನ್ನುವಂಥದ್ದು. ಚಂದ್ರಚೂಡಯ್ಯನವರ ಕಾರ್ಡಿನಲ್ಲಿ ಅದು "ನಿತ್ಯಪುಷ್ಪ. ವಿಂಕ್ರಿಸ್ಟಿನ್. ಶುಗರಿಗೂ ಒಳ್ಳೇದು" ಎಂದಷ್ಟೇ ಇತ್ತು.

ಅವರ ಮನೆಗೆ ಹೋದೆ. ತಾರಸಿಯ ಮೇಲೆ ಕುಂಡಗಳಿಗೆ ನೀರು ಹಾಕುತ್ತಿದ್ದರು. ಪ್ರತಿ ಕುಂಡಕ್ಕೂ ಒಂದು ಚೀಟಿ ಅಂಟಿಸಿತ್ತು. ಮಧುನಾಶಿನಿಯ ಬಳ್ಳಿ ನೀರಿನ ತೊಟ್ಟಿಯ ಪೈಪಿಗೆ ಹಬ್ಬಿ ಸೊಂಪಾಗಿತ್ತು. ಬಳ್ಳಿಯ ತಪ್ಪೇನೂ ಇರಲಿಲ್ಲ.

"ಅಮ್ಮನಿಗೆ ಸೂಜಿ ನಿಲ್ಲಿಸೋಕೆ ಹೇಳಿದ್ರಾ?" ಎಂದೆ.

"ನಿಲ್ಸಿ ಅಂದಿಲ್ಲ. ಯಾಕೆ ಅಂತ ಕೇಳಿದೆ. ಪ್ರಶ್ನೆ ಕೇಳೋದು ತಪ್ಪೇನಮ್ಮಾ ಎಂಎಸ್ಸಿ?"

"ಅವರ ಕಣ್ಣು ಹೋಗುತ್ತೆ. ನೀವೇ ಬಂದು ಹೇಳಿ, ಸೂಜಿ ತಗೊಳ್ಳಿ ಅಂತ. ನಾನು ಹೇಳಿದ್ರೆ ಕೇಳ್ತಿಲ್ಲ. ನಿಮ್ಮ ಮಾತು ಕೇಳ್ತಾರೆ."

ಅವರು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. "ಅಲ್ಲಮ್ಮಾ, ಹೂಟಗಳ್ಳೀಲಿ ನೀವು ಇದೇ ಎಲೆ ಅರ್ದು, ಪುಡಿ ಮಾಡಿ, ಡಬ್ಬಿಗೆ ತುಂಬಿ ಹೊರದೇಶಕ್ಕೆ ಕಳಿಸ್ತೀರಿ. ನಿಮ್ಮ ಡಬ್ಬೀಲಿದ್ರೆ ಔಷಧಿ, ನನ್ನ ಜೇಬಲ್ಲಿದ್ರೆ ಮೋಸವೋ?"

ಈ ಮಾತು ಚುಚ್ಚಿತು. ಚುಚ್ಚಿದ್ದು ಅದು ಅರ್ಧ ನಿಜವಾಗಿದ್ದರಿಂದ. "ನಾವು ಅಳೀತೀವಿ," ಎಂದೆ.

"ಅಳೆದ್ರೆ ಎಲೆಗೆ ಗೊತ್ತಾಗುತ್ತಾ?"

"ಎಲೆಗೆ ಗೊತ್ತಾಗೋದು ಬೇಡ. ನಿಮಗೆ ಗೊತ್ತಾಗಬೇಕು. 'ನನಗೆ ಗೊತ್ತಿಲ್ಲ, ಡಾಕ್ಟರನ್ನ ಕೇಳಿ' ಅಂತ ಒಂದು ಮಾತು ಹೇಳಿಬಿಡಿ. ಸಾಕು."

ಆಗ ಅವರು ಹೇಳಿದ ಮಾತು ಇದು. ಶಬ್ದಶಃ ಹೀಗೇ ಹೇಳಿದರೆಂದು ಹೇಳಲಾರೆ, ಆದರೆ ಹೆಚ್ಚು ಕಡಿಮೆ ಹೀಗೇ: "ಮೂವತ್ತು ವರ್ಷ ಡಾಕ್ಟ್ರುಗಳ ಬಾಗ್ಲಲ್ಲಿ ನಿಂತಿದ್ದೀನಿ. ನನ್ನ ಮಕ್ಕಳ ವಯಸ್ಸಿನೋರು 'ಹೂಂ, ಬೇಗ ಹೇಳ್ರೀ' ಅನ್ನೋರು. ಒಂದು ದಿನಾನೂ 'ಗೊತ್ತಿಲ್ಲ' ಅಂದಿಲ್ಲ. ಅಂದಿದ್ರೆ ಒಲೆ ಹತ್ತುತ್ತಿರ್ಲಿಲ್ಲ. ಈಗ ನಿನ್ನ ಮುಂದೆ ಅಂತೀನಾ?"

ಕೇಳಿ ಒಂದು ಕ್ಷಣ ಕರುಣೆ ಬಂತೆಂದು ಬರೆದರೆ ಬರಹಕ್ಕೆ ಶೋಭೆ. ಬರಲಿಲ್ಲ. ತಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದವರ ಮೇಲಿನ ಸೇಡನ್ನು ನನ್ನ ಅಮ್ಮನ ಕಣ್ಣಿನ ಮೇಲೆ ತೀರಿಸಿಕೊಳ್ಳುವ ಮನುಷ್ಯನನ್ನು ನೋಡುತ್ತ ನಿಂತಿದ್ದೇನೆ ಎಂದಷ್ಟೇ ಅನ್ನಿಸಿತು.

ಮಾತಿನಲ್ಲಿ ಆಗದ್ದನ್ನು ಅಳತೆಯಲ್ಲಿ ತೋರಿಸುತ್ತೇನೆ ಎಂದುಕೊಂಡೆ. ಓದಿದವರ ಮೂಢನಂಬಿಕೆ ಇದು, ಅಂಕಿ ಕಂಡರೆ ಜನ ಒಪ್ಪುತ್ತಾರೆ ಎಂಬುದು. ಒಂದು ಭಾನುವಾರ ಅವರನ್ನೇ ಮನೆಗೆ ಕರೆದೆ. ಅವರು ಡಬ್ಬಿಯ ಸಮೇತ ಬಂದರು. ಅಮ್ಮ ಎಲೆ ಅಗಿದಳು. ನಾನು ಮೊದಲು ಅವಳ ಬೆರಳು ಚುಚ್ಚಿ ಅಂಕಿ ತೋರಿಸಿದೆ. ಆಮೇಲೆ ಅವಳು ಮೈಸೂರು ಪಾಕಿನ ಒಂದೇ ಒಂದು ಸಣ್ಣ ತುಂಡು ತಿಂದಳು. "ಮಣ್ಣು," ಎಂದಳು. ಕಾದೆವು. ಚಂದ್ರಚೂಡಯ್ಯ ಕಾಯುತ್ತ ಕಾಯುತ್ತ ಡಬ್ಬಿಯನ್ನು ಅರ್ಧ ಖಾಲಿ ಮಾಡಿದರು. ಮತ್ತೆ ಅಮ್ಮನ ಬೆರಳು ಚುಚ್ಚಿದೆ. ಅಂಕಿ ಏರಿತ್ತು.

"ನೋಡಮ್ಮಾ. ನಾಲಿಗೆಗೆ ಸಿಹಿ ಇರ್ಲಿಲ್ಲ. ರಕ್ತಕ್ಕೆ ಹೋಯ್ತು."

ಅಮ್ಮ ಮೀಟರನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅವಳ ಮುಖದಲ್ಲಿ ಅನುಮಾನದ ಗೆರೆಯೊಂದು ಮೂಡಿತ್ತು. ಗೆದ್ದೆ ಎಂದುಕೊಂಡೆ. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಮೀಟರ್ ಹಾಗೇ ತೋರ್ಸೋದು ಬುಡಿ," ಎಂದರು ಚಂದ್ರಚೂಡಯ್ಯ. ಮಾತ್ರೆ ಮಾರುವ ಕಾಲದಲ್ಲಿ ಅವರು ದೇವೀರಮ್ಮನ ಹಾಗೆ 'ಬುಡಿ' ಎನ್ನುತ್ತಿರಲಿಲ್ಲ ಎಂದು ಕಾಣುತ್ತದೆ.

"ಹಾಗಾದ್ರೆ ನಿಮ್ಮದೂ ನೋಡೋಣ. ಅರ್ಧ ಡಬ್ಬಿ ತಿಂದಿದ್ದೀರಿ," ಎಂದೆ. ಬಾಯಿ ಚಪಲದ ಮುದುಕ, ಹುಟ್ಟಿದಾಗಿನಿಂದ ರಕ್ತಪರೀಕ್ಷೆ ಮಾಡಿಸಿರಲಾರ, ಅಂಕಿ ಮೀಟರಿನಿಂದ ಹೊರಗೆ ಜಿಗಿಯುತ್ತದೆ ಎಂದು ಖಾತ್ರಿಯಿತ್ತು ನನಗೆ.

ಅವರು ಮದುವೆಮನೆಯಲ್ಲಿ ಉಂಗುರಕ್ಕೆ ಬೆರಳೊಡ್ಡುವ ವರನ ಹಾಗೆ ಕೈ ಚಾಚಿದರು. ಚುಚ್ಚಿದೆ. ಅಂಕಿ ಬಂತು. ನೂರಕ್ಕೆ ತುಸು ಮೇಲೆ. ಇಪ್ಪತ್ತರ ಹರೆಯದ ಹುಡುಗನಿಗೆ ಇರಬೇಕಾದ ಸಕ್ಕರೆ.

"ಓದಮ್ಮಾ ಎಂಎಸ್ಸಿ, ಗಟ್ಟಿಯಾಗಿ ಓದು!" ಎಂದು ತೊಡೆ ತಟ್ಟಿಕೊಂಡರು. "ಸರೋಜಮ್ಮನೋರೇ, ಜಾಸ್ತಿ ತಿಂದೋನು ನಾನು. ಕಮ್ಮಿ ಇರೋದು ನಂದು. ಯಾಕೆ? ದಿನಾ ಎಲೆ ತಿನ್ನೋನು ನಾನು!"

"ನೀವು ಎಲೆ ಅಗಿದಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ," ಎಂದೆ.

"ಬೆಳಿಗ್ಗೆ, ಖಾಲಿ ಹೊಟ್ಟೇಲಿ."

ಅಮ್ಮನ ಮುಖದ ಗೆರೆ ಅಳಿಸಿಹೋಯಿತು. ಸತ್ಯ ನನ್ನ ಕಡೆಗಿತ್ತು, ಇನ್ಸುಲಿನ್ ಸುರಿಸುವ ಒಳ್ಳೆಯ ಮೇದೋಜೀರಕ ಗ್ರಂಥಿ ಅವರ ಕಡೆಗಿತ್ತು. ಜಗಲಿಯ ಮೇಲಿನ ವಾದದಲ್ಲಿ ಯಾವುದು ಗೆಲ್ಲುತ್ತದೆ ಎಂದು ಆ ದಿನ ಕಲಿತೆ. ಹುಟ್ಟಿನಿಂದ ಬಂದ ಆರೋಗ್ಯವನ್ನು ಸ್ವಂತ ಸಂಪಾದನೆ ಎಂದು ತೋರಿಸಿಕೊಂಡು ತಿರುಗುವವರನ್ನು ಕಂಡರೆ ಅಂದಿನಿಂದ ನನಗೆ ಮೈ ಉರಿಯುತ್ತದೆ.

ಆಮೇಲೆ ಬೆಳಗಿನ ಸೂಜಿಯನ್ನು ನಾನೇ ಚುಚ್ಚಿ ಬಸ್ಸಿಗೆ ಹೋಗತೊಡಗಿದೆ. ಅಮ್ಮ ಮುಖ ತಿರುಗಿಸಿ ಕೂರುತ್ತಿದ್ದಳು. ರಾತ್ರಿಯದನ್ನು ನಾನು ಬರುವ ಮೊದಲೇ ತಾನು ಚುಚ್ಚಿಕೊಂಡು ಊಟ ಮುಗಿಸಿದೆ ಎನ್ನುತ್ತಿದ್ದಳು. ಚುಚ್ಚಿಕೊಳ್ಳುತ್ತಿರಲಿಲ್ಲ, ಎಲೆ ಅಗಿಯುತ್ತಿದ್ದಳು ಎಂದು ತಿಳಿದದ್ದು ಆಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಂಗಳದಲ್ಲಿ ರಂಗೋಲಿಯ ಬಟ್ಟಲು ಹಿಡಿದು ಕೂತವಳು ಎದ್ದು ಬರಲಿಲ್ಲ.

"ಕಣ್ಣೊಳಗೇ ಯಾರೋ ರಂಗೋಲಿ ಎಳೀತಿದಾರೆ ಕಣೇ," ಎಂದಳು. "ಕಪ್ಪು ರಂಗೋಲಿ. ಎಳೆ ಎಳೆಯಾಗಿ ಇಳೀತಾ ಇದೆ."

ಎಡಗಣ್ಣಿನೊಳಗೆ ರಕ್ತ ಸೋರಿತ್ತು. ಚಿಕಿತ್ಸೆ ಆಯಿತು. ಬೆಳಕು ಕತ್ತಲೆ ತಿಳಿಯುವಷ್ಟು ಉಳಿಯಿತು, ಅಷ್ಟೇ. ಬಲಗಣ್ಣಲ್ಲಿ ಮುಖ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಎಲೆಯಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಕಣ್ಣು ಮೊದಲೇ ಸೋತಿತ್ತು, ಸೂಜಿ ಬಿಡದಿದ್ದರೆ ಇನ್ನಷ್ಟು ಕಾಲ ಬರಬಹುದಿತ್ತು, ಬಾರದೆಯೂ ಇರಬಹುದಿತ್ತು ಎಂದರು. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ನನ್ನ ತಾತ್ಸಾರಕ್ಕೆ ಈ ಉತ್ತರ ಸಾಲುವುದಿಲ್ಲ, ಆದರೆ ಇರುವುದು ಇದೇ. ಅಮ್ಮ ಅಂದಿನಿಂದ ಎರಡು ಹೊತ್ತೂ ತಾನೇ ಬೆರಳು ಮುಂದೆ ಮಾಡುತ್ತಾಳೆ, ಸೂಜಿಗೂ ತೋಳು ಕೊಡುತ್ತಾಳೆ.

ಚಂದ್ರಚೂಡಯ್ಯ ತಪ್ಪಾಯಿತು ಎನ್ನಲಿಲ್ಲ. ಒಂದು ಕಟ್ಟು ಸೊಪ್ಪು ಹಿಡಿದು ಬಂದರು. "ಹೊನಗೊನ್ನೆ. ಕ್ಯಾರೋಟಿನ್. ಕಣ್ಣು." ಅಮ್ಮ ಅದನ್ನು ಇಸಿದುಕೊಂಡು, ತಡವಿ ತಡವಿ ಸೋಸಿ, ಪಲ್ಯ ಮಾಡಿದಳು. ನಾನು ತಿನ್ನಲಿಲ್ಲ. ಮಾರನೆಯ ದಿನದಿಂದ ಅವರು ದಿನಾ ಬೆಳಿಗ್ಗೆ ಬಂದು ಅಮ್ಮನಿಗೆ ಪತ್ರಿಕೆ ಓದಿ ಹೇಳತೊಡಗಿದರು. ಬೀದಿಯವರು ಇದನ್ನು ಪಶ್ಚಾತ್ತಾಪ ಎಂದರು. ಅಷ್ಟು ಉದಾರವಾಗಿ ಯೋಚಿಸುವುದು ನನ್ನಿಂದಾಗದು. ಎದುರಿಗೆ ಒಂದು ಜೊತೆ ಕಿವಿಯಿಲ್ಲದೆ ಬದುಕಲಾರದ ಮನುಷ್ಯ ಅವರು, ಕಣ್ಣು ಹೋದರೂ ಅಮ್ಮನ ಕಿವಿ ನೆಟ್ಟಗಿತ್ತು. ಓದುವಾಗಲೂ ತಮಗೆ ಬೇಕಾದ್ದನ್ನೇ ಓದುತ್ತಿದ್ದರು. ಶ್ರದ್ಧಾಂಜಲಿಯ ಪುಟ ಬಂದರೆ ಮಡಚಿಬಿಡುತ್ತಿದ್ದರು. ಅಮ್ಮನಿಗೆ ಬೇಕಿದ್ದ ಪುಟ ಅದೊಂದೇ. "ಸತ್ತೋರ ಸುದ್ದಿ ಯಾಕೆ ಸರೋಜಮ್ಮನೋರೇ ಬೆಳಿಗ್ಗೆ ಬೆಳಿಗ್ಗೆ?" "ನಮ್ಮ ವಯಸ್ಸಿನೋರ ಸುದ್ದಿ ಇನ್ನೆಲ್ಲಿ ಬರುತ್ತೆ ರಾಯ್ರೇ?"

ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಅಂಥದೊಂದು ರಜಾದಿನದ ಬೆಳಿಗ್ಗೆ. ಅವರು ಪತ್ರಿಕೆ ಮಡಚಿದ ಮೇಲೆ ಅಮ್ಮ ಇದ್ದಕ್ಕಿದ್ದಂತೆ, ಬೆಲೆ ವಿಚಾರಿಸುವ ದನಿಯಲ್ಲಿ ಕೇಳಿದಳು:

"ರಾಯ್ರೇ, ನನ್ನ ಕಣ್ಣು ಯಾಕೆ ಹೋಯ್ತು ಅಂತೀರಿ?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು. "ಗೊತ್ತಿಲ್ಲ" ಎಂದಿದ್ದರೂ ಆಗುತ್ತಿತ್ತು. ಅವರು ಕನ್ನಡಕ ಒರೆಸಿಕೊಂಡರು.

"ಎಲೆ ತಡವಾಗಿ ಶುರು ಮಾಡಿದ್ರಿ, ಸರೋಜಮ್ಮನೋರೇ."

ಅಮ್ಮ "ಹೂಂ" ಎಂದಳು. ಅವರು ಚೀಲ ತೆಗೆದುಕೊಂಡು ಹೋದರು.

ಕೆಲವು ವಾರಗಳಲ್ಲಿ ಅವರು ತೀರಿಕೊಂಡರು. ನಿದ್ದೆಯಲ್ಲಿ, ಯಾವ ಕಾಯಿಲೆಯೂ ಇಲ್ಲದೆ, ಹಾಸಿಗೆಯ ಸುಕ್ಕೂ ಕದಡದ ಹಾಗೆ. ಅದನ್ನೂ ನಾನು ಕ್ಷಮಿಸಿಲ್ಲ. ಮಾತಾಡಿಸಲು ಹೋದಾಗ ಅವರ ಹೆಂಡತಿ ಲಲಿತಮ್ಮ ಅಮ್ಮನ ಕೈ ಹಿಡಿದುಕೊಂಡು ಅತ್ತರು. ಸಾಧು ಹೆಂಗಸು. ಅತ್ತು ಮುಗಿದ ಮೇಲೆ ಗಂಡನ ಚಪಲ ನೆನೆದು ಸಣ್ಣಗೆ ನಕ್ಕರು. "ಊರಿಗೆಲ್ಲ ಆ ಎಲೆ ತಿನ್ಸಿದ್ರು ಸರೋಜಮ್ಮ. ತಾವು ಮಾತ್ರ ಒಂದ್ ದಿನಾನೂ ಬಾಯಿಗೆ ಹಾಕ್ಲಿಲ್ಲ. ನಾಲಿಗೆ ಕೆಡುತ್ತೆ ಅನ್ನೋರು. ಸಿಹಿ ಅಂದ್ರೆ ಪ್ರಾಣ ನೋಡಿ ಅವರಿಗೆ." ಒಳ್ಳೆಯ ನೆನಪೊಂದನ್ನು ಹಂಚಿಕೊಳ್ಳುವ ಹಾಗೆ ಹೇಳಿದರು. ಅಮ್ಮ ಅವರ ಬೆನ್ನು ಸವರುತ್ತಿದ್ದ ಕೈಯನ್ನು ತೆಗೆಯಲಿಲ್ಲ.

ಹದಿಮೂರನೆಯ ದಿನ, ಅವರ ವೈಕುಂಠ ಸಮಾರಾಧನೆಗೆ ಹೊರಡಲು ನಾನು ಅಮ್ಮನಿಗೆ ಸೂಜಿ ಚುಚ್ಚಿ, ಸೀರೆಯ ನೆರಿಗೆ ಹಿಡಿದುಕೊಟ್ಟೆ. ಹೊರಡುವ ಮೊದಲು ಅಮ್ಮ ಹಿತ್ತಿಲಿಗೆ ಹೋದಳು. ಅಲ್ಲಿ ಅವರು ಎಂದೋ ತಂದುಕೊಟ್ಟ ಮಧುನಾಶಿನಿಯ ಬಳ್ಳಿ ಇತ್ತು. ಕಿತ್ತೆಸೆಯುತ್ತೇನೆಂದು ನಾನು ಎಷ್ಟೋ ಸಲ ಹೊರಟಾಗ ಅಮ್ಮನೇ ತಡೆದಿದ್ದಳು. ಬೆರಳಿನಲ್ಲಿ ತಡವಿ ಎಳೆಯ ಎಲೆಗಳನ್ನು ಚಿವುಟಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಊಟದ ಪಂಕ್ತಿಯಲ್ಲಿ ಅನ್ನ ಸಾರು ಮುಗಿದು ಸಿಹಿ ಬರುವ ಹೊತ್ತಿಗೆ ಅವಳು ಗಂಟು ಬಿಚ್ಚಿ ಎರಡೆಲೆ ಬಾಯಿಗೆ ಹಾಕಿಕೊಂಡಳು. ಹೇಳಿಕೊಟ್ಟ ಹಾಗೆಯೇ ಅಗಿದಳು, ನಾಲಿಗೆ ತುಂಬ ಓಡಾಡಿಸಿದಳು, ನೀರು ಕುಡಿದಳು. ಉಳಿದದ್ದನ್ನು ನನ್ನ ಕೈಗೆ ತುರುಕಿ "ನೀನೂ ತಗೋ" ಎಂದಳು. ಯಾಕೆಂದು ಕೇಳುವ ಜಾಗವಾಗಿರಲಿಲ್ಲ. ಅಗಿದೆ. ಕಹಿ. ಲಲಿತಮ್ಮನೇ ಬಡಿಸಲು ಬಂದರು. "ಅವರಿಗೆ ಪ್ರಿಯವಾಗಿದ್ದು, ಬೇಡ ಅನ್ಬಾರ್ದು," ಎಂದು ಬಾಳೆಯೆಲೆಯ ತುದಿಗೆ ಒಂದೊಂದು ಮೈಸೂರು ಪಾಕ್ ಇಟ್ಟರು. ಅವರ ಕೈಯಲ್ಲಿದ್ದದ್ದು ಅದೇ ಡಬ್ಬಿ. ಸ್ಟೀಲಿನದು. ಅಮ್ಮನ ನೆನಪೇ ಸರಿ.

ಅಮ್ಮ ಪೂರ್ತಿ ತುಂಡು ತಿಂದಳು. ಚೂರೂ ಬಿಡಲಿಲ್ಲ. ನಾನೂ ತಿಂದೆ. ಮರಳು, ಜಿಡ್ಡು, ಮಣ್ಣು.

"ಹೇಗಿದೆ?" ಎಂದರು ಲಲಿತಮ್ಮ.

"ಚೆನ್ನಾಗಿದೆ," ಎಂದಳು ಅಮ್ಮ.

ಹಿಂದಿರುಗುವಾಗ ಬಿಸಿಲು ಏರಿತ್ತು. ಅಮ್ಮ ನನ್ನ ಎಡ ಮೊಣಕೈ ಹಿಡಿದು ನಡೆಯುತ್ತಿದ್ದಳು. ನಾನು ಕೇಳದೆಯೇ ಹೇಳಿದಳು.

"ವೈಕುಂಠದ ಊಟ ಕಣೇ. ಸಿಹಿ ಮುಟ್ಟದೆ ಎಲೆ ಮಡಚಿ ಏಳೋ ಹಾಗಿಲ್ಲ. ಲಲಿತಮ್ಮ ನೊಂದ್ಕೋತಾರೆ. ಅವರೇನು ಮಾಡಿದ್ರು ಪಾಪ." ಸೆರಗಿನ ತುದಿಯನ್ನು ಕೊಡವಿದಳು. "ಹಾಗಂತ ಆ ಮನುಷ್ಯನ ಹೆಸರಲ್ಲಿ ಬಾಯಿ ಸಿಹಿ ಮಾಡ್ಕೊಳ್ಳೋದು ನನ್ನ ಕೈಲಿ ಆಗಲ್ಲ."

ಅಮ್ಮ ಅವರನ್ನು "ಆ ಮನುಷ್ಯ" ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೀದಿಯ ತಿರುವು ಬಂತು. ಅವಳು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒತ್ತಿ ನೋಡುತ್ತಿದ್ದಳು.

"ಎಷ್ಟು ಹೊತ್ತು ಇರುತ್ತೇ ಇದು?"

"ಅರ್ಧ ಗಂಟೆ ಅಮ್ಮ. ಹೆಚ್ಚಂದ್ರೆ ಒಂದು ಗಂಟೆ. ಆಮೇಲೆ ರುಚಿ ವಾಪಸ್ ಬರುತ್ತೆ."

"ಅಷ್ಟೇನಾ?" ಎಂದಳು ಅಮ್ಮ.